ಪೂವವ್ವ ಹೇಳಿದ್ದು

ಫೆಬ್ರವರಿ ಮೂವತ್ತೊಂದು, ಇಸವಿ 2211

ಹಿಂದಿನವರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ; ನಾವು ಆಮೇಲೆ ಸೇರಿಸಿಕೊಂಡೆವು. ನನ್ನ ಮಾತೂ ವಿಚಿತ್ರವೆನಿಸಿದರೆ ಕ್ಷಮಿಸಿ. ಯಂತ್ರದ ನೆರವಿಲ್ಲದೆ ಬರೆದು ಅಭ್ಯಾಸವಿಲ್ಲ.

ನಾವೆಲ್ಲ ಕಿವಿಗೂಡು ಧರಿಸುತ್ತೇವೆ. ಕಡಲೆಕಾಳಿನಷ್ಟು ಯಂತ್ರ, ಯಾರು ಯಾವ ಭಾಷೆ ಆಡಿದರೂ ನಮ್ಮ ಭಾಷೆಯಲ್ಲಿ, ಆಡಿದವರದೇ ಎನ್ನಿಸುವ ದನಿಯಲ್ಲಿ ಕೇಳಿಸುತ್ತದೆ. ಸೊಪ್ಪು ಕೊಳ್ಳುವುದು, ಜಗಳವಾಡುವುದು, ಮದುವೆಯಾಗುವುದು ಎಲ್ಲ ಅದರಲ್ಲೇ. ಇನ್ನೊಬ್ಬರೆದುರು ಅದನ್ನು ತೆಗೆಯುವುದು ಬಟ್ಟೆ ಬಿಚ್ಚಿದಷ್ಟೇ ಅಸಭ್ಯ. ಮಾತು ಕೇಳಿ ಮುಗಿದಾಗ ತಲೆಯಾಡಿಸುವುದು ಮರ್ಯಾದೆ. ಸುತ್ತಿ ಬಳಸಿದ ವಾಕ್ಯಕ್ಕೆ ಹಲವು ಅರ್ಥ ಹೊರಟರೆ ಕಿವಿಗೂಡು ಯಾರನ್ನೂ ಕೇಳುವುದಿಲ್ಲ. ಅಂಥ ಸಂದರ್ಭದಲ್ಲಿ ಹೆಚ್ಚು ಜನ ಏನನ್ನುತ್ತಾರೋ ಅದನ್ನೇ ಆರಿಸಿ ಹೇಳುತ್ತದೆ.

ನನ್ನ ಹೆಂಡತಿ ಪೂವವ್ವನ ಭಾಷೆ ಕೊಡವ ತಕ್ಕ್. ಅದನ್ನಾಡುವ ಬೇರೆಯವರು ನಮಗೆ ಸಿಕ್ಕಿಲ್ಲ. ಅವಳ ಗಂಟಲಲ್ಲಿ ಗಡ್ಡೆಯಿದೆ. ಕೊಯ್ದು ತೆಗೆದರೆ ಬದುಕುತ್ತಾಳೆ, ದನಿ ಹೋಗುತ್ತದೆ. ಒಪ್ಪಿಗೆಯೇ ಎಂದು ವೈದ್ಯೆ ಕೇಳಿದಾಗ ಪೂವವ್ವ ಬಹಳ ಹೊತ್ತು ಮಾತಾಡಿದಳು. ಮಾತಿನ ನಡುವೆ ತಡೆದಳು, ಹೇಳಿದ್ದಕ್ಕೇ ಹಿಂದಿರುಗಿದಳು, ಕಣ್ಣೊರೆಸಿಕೊಂಡಳು. ನನ್ನ ಕಿವಿಗೆ ಬಂದದ್ದು: “ಸರಿ, ಮಾಡಿ.” ರೂಢಿಯಂತೆ ತಲೆಯಾಡಿಸಿದೆ. ಅದನ್ನೇ ಗಂಡನ ಸಾಕ್ಷಿಯೆಂದು ಬರೆದುಕೊಂಡರು. ಅಷ್ಟುದ್ದದ ಮಾತಿಗೆ ಇಷ್ಟೇನಾ ಎಂದು ನಾನು ಕೇಳಿದ್ದಕ್ಕೆ ವೈದ್ಯೆ ನಕ್ಕರು: “ಇಪ್ಪತ್ತು ವರ್ಷ ಸಂಸಾರ ಮಾಡಿದೋರು ನೀವು. ನನ್ನನ್ನ ಕೇಳ್ತೀರಲ್ಲ ಸ್ವಾಮಿ!”

ಪೂವವ್ವನನ್ನೇ ಮತ್ತೆ ಕೇಳಿದೆ. ನನ್ನ ಪ್ರಶ್ನೆಯೂ ಅವಳ ಕಿವಿಗೂಡನ್ನು ದಾಟಿ ಹೋಗಬೇಕು. ಅಲ್ಲಿ ಅದು ಏನಾಯಿತೋ ತಿಳಿಯದು. ಕೇಳಿದಷ್ಟೂ ಅವಳ ಉತ್ತರ ಉದ್ದವಾಯಿತು. ನನಗೆ ಮಾತ್ರ ಅದೇ: “ಸರಿ, ಮಾಡಿ.” ಕೊನೆಗೆ ನನ್ನ ಕಿವಿಗೂಡನ್ನು ಕಿತ್ತು ತೆಗೆದೆ. ಒರಟಾದ, ತಗ್ಗಿನ ದನಿಯೊಂದು ಕೇಳಿಸಿತು. ಈ ಹೆಂಗಸಿನ ಮಾತನ್ನು ನಾನು ಎಂದೂ ಕೇಳಿರಲಿಲ್ಲ. ನನ್ನ ಬರಿಗಿವಿ ಕಂಡು ಅವಳು ಗಾಬರಿಯಿಂದ ಹೊದಿಕೆ ಎಳೆದುಕೊಂಡಳು.

ಶಸ್ತ್ರಕ್ರಿಯೆ ನಾಳೆ. ಮುಂದೂಡಿದರೆ ಪ್ರಾಣಕ್ಕೇ ಅಪಾಯ.

ನಿಮ್ಮ ಕಾಲದಲ್ಲಿ ಆ ಭಾಷೆ ಬಲ್ಲವರು ಮಡಿಕೇರಿಯ ಬಸ್ ನಿಲ್ದಾಣದಲ್ಲೇ ಸಿಗುತ್ತಿದ್ದರಂತೆ. ವೈದ್ಯೆಗೆ ಅವಳು ಕೊಟ್ಟ ಉತ್ತರವನ್ನು ಆಸ್ಪತ್ರೆಯವರು ಮುದ್ರಿಸಿಕೊಂಡಿದ್ದರು; ಅವಳ ಆ ದನಿಯನ್ನು ಇದರ ಜೊತೆ ಕಳಿಸುತ್ತಿದ್ದೇನೆ. ದಯವಿಟ್ಟು ಯಾರಿಗಾದರೂ ಕೇಳಿಸಿ. ಯಂತ್ರಕ್ಕಲ್ಲ, ಮನುಷ್ಯರಿಗೆ. ನಮ್ಮ ಆಸ್ಪತ್ರೆಯ ಹಿಂದೆ, ಅದೇ ಊರ ಪಶ್ಚಿಮದ ಗುಡ್ಡದಲ್ಲಿ, ಆನೆ ಮಲಗಿದಂಥ ಬಂಡೆಯಿದೆ, ನಿಮ್ಮ ಕಾಲದಲ್ಲೂ ಇರುತ್ತದೆ. ಅವಳು ಹೇಳಿದ್ದನ್ನು ಅದರ ಮೇಲೆ ಕನ್ನಡದಲ್ಲಿ ಆಳವಾಗಿ ಕೆತ್ತಿಸಿ.

ನೀವು ಕೆತ್ತಿಸಿದ್ದರೆ ಅದು ಈಗಾಗಲೇ ಅಲ್ಲಿರಬೇಕು. ಪಾಚಿ ಕಟ್ಟಿರಬೇಕು. ಕಿಟಕಿಯಿಂದ ಬಂಡೆಯ ಬೆನ್ನಷ್ಟೇ ಕಾಣುತ್ತದೆ. ಸುತ್ತಿ ಹೋಗಿ ನೋಡಲು ನನಗಿನ್ನೂ ಧೈರ್ಯ ಬಂದಿಲ್ಲ.