ಗುಬ್ಬಿಗಾಗಿ ಒಂದು ಬಿನ್ನಹ

ಮಂಗಳವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ,

ಅಮ್ಮನ ಮನಸಾರೆ ಪ್ರೀತಿ. ಅಳಿಯಂದಿರಿಗೂ ತಿಳಿಸು.

ಫೋನ್ ಇರುವಾಗ ಇವಳಿಗೇನು ಕಾಗದ ಬರೆಯುವ ಹುಚ್ಚು ಎಂದುಕೊಳ್ಳಬೇಡ. ಭಾನುವಾರ ಸಂಜೆ ನೀನು ಫೋನ್ ಮಾಡಿದಾಗ ವಿಷಯ ನಾಲಿಗೆಯ ತುದಿಗೇ ಬಂದಿತ್ತು, ನುಂಗಿಕೊಂಡೆ. ಹೇಳಿದ್ದರೆ ಅಲ್ಲಿ ನೀನು ಅಳುತ್ತಿದ್ದೆ, ಇಲ್ಲಿ ನಾನು ಅಳುತ್ತಿದ್ದೆ, ಒಲೆಯ ಮೇಲಿನ ಹಾಲು ಉಕ್ಕಿ ಹೋಗುತ್ತಿತ್ತು. ಕಾಗದವಾದರೆ ನಾನು ಮೊದಲಿನಿಂದ ಹೇಳಬಹುದು, ನೀನು ನಡುವೆ ಬಾಯಿ ಹಾಕುವಂತಿಲ್ಲ. ಆ ಒಂದು ಸುಖಕ್ಕಾಗಿಯಾದರೂ ಬರೆಯುತ್ತಿದ್ದೇನೆ.

ಇಸ್ತ್ರಿ ಮೇಜಿನ ಒಂದು ಮೂಲೆಯಲ್ಲಿ ಹಾಳೆ ಇಟ್ಟುಕೊಂಡಿದ್ದೇನೆ. ಉಳಿದ ಜಾಗವೆಲ್ಲ ಚರ್ಚಿನ ಬಟ್ಟೆ. ಪೂಜಾಪಾತ್ರೆ ಒರೆಸುವ ಆ ಪುಟ್ಟ ಬಿಳಿ ವಸ್ತ್ರಗಳನ್ನು ಅದ್ದಿದ ಮೊದಲ ನೀರನ್ನು ಮೋರಿಗೆ ಚೆಲ್ಲಬಾರದು ಎಂದು ಚಿಕ್ಕಂದಿನಲ್ಲಿ ನಿನಗೆ ಕಲಿಸಿದ್ದೆನಲ್ಲ, ಈಗಲೂ ಅದನ್ನು ನೀನು ನೆಟ್ಟ ಗುಲಾಬಿಯ ಬುಡಕ್ಕೇ ಹಾಕುತ್ತೇನೆ. ಗಿಡ ಸೊಕ್ಕಿ ಕಿಟಕಿಯವರೆಗೂ ಬಂದಿದೆ. ಕಿಟಕಿಯ ಈಚೆ ನಿನ್ನಪ್ಪ ಗಾಲಿಕುರ್ಚಿಯಲ್ಲಿ ಕೂತು, ನಾನು ಇಸ್ತ್ರಿ ಬಿಟ್ಟು ಇದೇನು ಗೀಚುತ್ತಿದ್ದೇನೆ ಎಂದು ಆಗಾಗ ಕತ್ತು ಎತ್ತಿ ನೋಡುತ್ತಿದ್ದಾರೆ.

ಅವರಿಗೆ ಲಕ್ವ ಹೊಡೆದಾಗ ನೀನು ಆಸ್ಪತ್ರೆಗೆ ಓಡಿಬಂದೆ. ಅವರು ಮಲಗಿರುವಾಗಲೇ ನೋಡಿಕೊಂಡು, ಎಚ್ಚರವಾಗುವ ಮೊದಲೇ ಹೊರಟುಬಿಟ್ಟೆ. ನಾನು ತಡೆಯಲಿಲ್ಲ. ನೀವಿಬ್ಬರೂ ಒಂದೇ ಮಣ್ಣಿನ ಮೊಂಡರು. ನೀನು ಚರ್ಚಿನಲ್ಲಿ ಮದುವೆಯಾಗದೆ ಕಚೇರಿಯಲ್ಲಿ ಸಹಿ ಹಾಕಿ ಬಂದಾಗ, ನಿನ್ನ ಮದುವೆಗೆಂದೇ ಗಾನವೃಂದಕ್ಕೆ ಹಾಡು ಕಲಿಸಿಟ್ಟಿದ್ದ ಮನುಷ್ಯ, ಇನ್ನು ಈ ಮನೆಯಲ್ಲಿ ಅವಳ ಹೆಸರು ಎತ್ತಕೂಡದು ಎಂದರು. ನೀನೇನು ಕಡಿಮೆಯೇ, ಅಪ್ಪ ತಾವಾಗಿ ಬಾಯಿಬಿಟ್ಟು ಕರೆಯುವವರೆಗೆ ಹೊಸ್ತಿಲು ತುಳಿಯುವುದಿಲ್ಲ ಎಂದೆ. ಆಮೇಲೆ ಆ ಬಾಯಿಯೇ ನಿಂತುಹೋಯಿತು. ವಾರವಾರವೂ ನೀನು ಫೋನಿನಲ್ಲಿ, ಅಪ್ಪ ನನ್ನನ್ನು ಕೇಳಿದರಾ ಎನ್ನುತ್ತಿದ್ದೆ. ನೀರು ಬೇಕೆಂದು ಕೇಳಲಾಗದವರು ನಿನ್ನನ್ನು ಹೇಗೆ ಕೇಳಿಯಾರು ಮಗಳೇ? ಇಲ್ಲ ಎಂದರೆ ನಿನಗೆ ನೋವು, ಹೌದು ಎಂದರೆ ಸುಳ್ಳು. ಅದಕ್ಕೇ ಪ್ರತಿ ಸಲವೂ ಮಾತನ್ನು ಹವಾಮಾನಕ್ಕೆ ತಿರುಗಿಸುತ್ತಿದ್ದೆ.

ಅವರು ಆಸ್ಪತ್ರೆಯಿಂದ ಮನೆಗೆ ಬಂದ ಹೊಸತರಲ್ಲಿ ಪರವಾಗಿಲ್ಲ, ಪರವಾಗಿಲ್ಲ ಎಂದೆನಲ್ಲ, ಪರವಾಗಿರಲಿಲ್ಲ. ಚಮಚ ಎಸೆಯುತ್ತಿದ್ದರು. ಬಾಯಿ ತೆರೆದರೆ ಗಾಳಿ ಮಾತ್ರ. ಊರವರ ಮನೆಯ ಪೈಪು ರಿಪೇರಿ ಮಾಡುತ್ತಲೇ, ಸೋರುವ ನಲ್ಲಿ ಯಾವ ಸ್ವರದಲ್ಲಿ ಸೋರುತ್ತಿದೆ ಎಂದು ಹೇಳುತ್ತಿದ್ದವರು, ಸ್ಪಾನರನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದು ಗಾನವೃಂದ ನಡೆಸುತ್ತಿದ್ದವರು ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ನನಗೆ ದೇವರ ಮೇಲೂ ಸಿಟ್ಟು ಬಂದಿತ್ತು. ಬಟ್ಟೆ ಒಗೆಯುತ್ತಿದ್ದೆ, ಪ್ರಾರ್ಥನೆ ಮಾಡುತ್ತಿರಲಿಲ್ಲ.

ಆಗ ಒಂದು ಶುಕ್ರವಾರ ಫಾದರ್ ಮನೆಗೆ ಪರಮಪ್ರಸಾದ ತಂದರು. ಆ ಪುಟ್ಟ ದುಂಡು ಡಬ್ಬಿಯನ್ನು ಮೇಜಿನ ಮೇಲಿಟ್ಟು, ನಾನು ಮೇಣದಬತ್ತಿ ಹಚ್ಚುವಷ್ಟರಲ್ಲಿ, ಸ್ವರ್ಗದಲ್ಲಿರುವ ನಮ್ಮ ತಂದೆಯೇ ಎಂದು ಶುರುಮಾಡಿದರು. ಎರಡನೇ ಸಾಲಿಗೆ ಇನ್ನೊಂದು ದನಿ ಸೇರಿತು. ಬೀದಿಯಲ್ಲಿ ಯಾರೋ ಎಂದುಕೊಂಡೆ. ತಿರುಗಿ ನೋಡಿದರೆ ನಿನ್ನಪ್ಪ. ನಿಮ್ಮ ನಾಮ ಪೂಜಿತವಾಗಲಿ ಎಂಬಲ್ಲಿಂದ ಕೊನೆಯ ಆಮೆನ್‌ವರೆಗೆ ಒಂದಕ್ಷರ ತಪ್ಪಲಿಲ್ಲ. ಅಷ್ಟೇ ಅಲ್ಲ, ಪ್ರಸಾದ ತೆಗೆದುಕೊಳ್ಳುವ ಮುನ್ನ ಹೇಳುತ್ತೇವಲ್ಲ, ನೀವು ಒಂದು ಮಾತು ಹೇಳಿದರೆ ಸಾಕು, ನಾನು ಸ್ವಸ್ಥನಾಗುವೆನು ಎಂದು, ಅದನ್ನೂ ಹೇಳಿದರು. ನನ್ನ ಕೈಯಲ್ಲಿ ಕಡ್ಡಿ ಉರಿದು ಬೆರಳು ಸುಟ್ಟಿತು. ಫಾದರ್ ಹೋದ ಮೇಲೆ ಓಡಿಬಂದು ಏನಾದರೂ ಮಾತಾಡಿ ಅಂದೆ. ಗಾಳಿ, ಮತ್ತೆ ಅದೇ ಗಾಳಿ.

ಮಾತು ಕಲಿಸಲು ಆಸ್ಪತ್ರೆಯಿಂದ ಬರುವ ಹುಡುಗಿ ಬಿಡಿಸಿ ಹೇಳಿದಳು. "ಬಾಯಿಪಾಠ ಮಾಡಿರೋದು, ಹಾಡು, ಇವೆಲ್ಲ ತಲೇಲಿ ಬೇರೆ ಕಡೆ ಕೂತಿರ್ತವೆ ಆಂಟಿ, ಆ ಜಾಗಕ್ಕೆ ಏಟು ಬಿದ್ದಿಲ್ಲ. ಅಲ್ಲಿಂದಲೇ ಒಂದು ದಾರಿ ಹುಡುಕೋಣ" ಅಂದಳು. ಚರ್ಚಿನ ಮೆಟ್ಟಿಲು ಕೂಡ ಹತ್ತದ ಹುಡುಗಿ ಅವಳು. ಈಗ ನಮ್ಮ ಪೂಜೆಯ ಪ್ರಶ್ನೋತ್ತರವೆಲ್ಲ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಒಂದು ಸಾಲು ಹೇಳಿ ಅರ್ಧಕ್ಕೆ ನಿಲ್ಲಿಸುತ್ತಾಳೆ, ಇವರು ಮುಗಿಸುತ್ತಾರೆ. ಅವಳ ತಾಳ್ಮೆಗೆ ನಾನು ಸಾಯುವವರೆಗೆ ಋಣಿ.

ಆಮೇಲಿನ ಕಥೆ ಕೇಳಿದರೆ ನೀನು ನಗುತ್ತೀಯ. ಡಾಕ್ಟರು ಬಂದು ನಮಸ್ಕಾರ ಎಂದರೆ ಇವರು ಪೂಜೆಯಲ್ಲಿ ಫಾದರಿಗೆ ಉತ್ತರ ಕೊಡುವ ಹಾಗೆ ಗಂಭೀರವಾಗಿ, ನಿಮ್ಮೊಡನೆಯೂ ಇರಲಿ ಎನ್ನುತ್ತಾರೆ. ಹುಡುಗಿ ಬ್ರೆಡ್ಡಿನ ಚಿತ್ರ ತೋರಿಸಿ ಇದೇನು ಎಂದರೆ, ನಮ್ಮ ಅನುದಿನದ ಆಹಾರ ಎನ್ನುತ್ತಾರೆ. ಅದು ಸರಿಯುತ್ತರವೇ ಎಂದು ಅವಳೇ ಒಪ್ಪಿಕೊಂಡಳು. ಒಂದು ದಿನ ಸೂಪು ತಳ ಹಿಡಿದಿತ್ತು. ಬಾಯಿಗಿಟ್ಟವರೇ ಕಣ್ಣು ಮುಚ್ಚಿ, ಪ್ರಭುವೇ ದಯೆತೋರಿ ಅಂದರು. ಬಾಯಿಗೆ ಬಂದದ್ದು ಹೇಳಿದರೋ ಬೇಕೆಂದೇ ಹೇಳಿದರೋ ನನಗೆ ಇವತ್ತಿಗೂ ಗುಮಾನಿ ಇದೆ. ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಆ ಹುಬ್ಬು ಗೊತ್ತಾಗುವುದಿಲ್ಲವೇ?

ಗಾನವೃಂದವನ್ನು ಈಗ ಬೇಕರಿಯಕ್ಕ ನಡೆಸುತ್ತಾರೆ. ನಿನಗೆ ಗೊತ್ತಲ್ಲ, ಮನಸ್ಸು ಬೆಣ್ಣೆ, ಶ್ರುತಿ ಮಾತ್ರ ದೇವರೇ ಗತಿ. ಬುಧವಾರದ ಅಭ್ಯಾಸವನ್ನು ಚರ್ಚಿನಿಂದ ಎತ್ತಿ ನಮ್ಮ ಹಜಾರಕ್ಕೇ ತಂದುಬಿಟ್ಟಿದ್ದಾರೆ, ಮೇಷ್ಟ್ರಿಗೆ ಬೇಜಾರಾಗಬಾರದಂತೆ. ಅವರೆಲ್ಲ ಚಪ್ಪಲಿ ಬಿಟ್ಟು ಒಳಗೆ ಬರುವ ಸದ್ದಿಗೇ ಇವರು ಎದ್ದು ಕೂರುತ್ತಾರೆ. ಮಾತಿಗೆ ಬಾರದ ನಾಲಿಗೆ ಹಾಡಿಗೆ ಬರುತ್ತದೆ. ಬೇಕರಿಯಕ್ಕ ಮೇಲಿನ ಸ್ವರಕ್ಕೆ ಕೈ ಹಾಕಿದರೆ ಇವರ ಎಡಗೈ ತಾನಾಗಿ ಮೇಲಕ್ಕೆ, ಇನ್ನೂ ಮೇಲಕ್ಕೆ ಎಂದು ತೋರಿಸುತ್ತದೆ. ಅವರು ಹೋಗುವಾಗ ಮೇಜಿನ ಮೇಲೆ ಬನ್ನಿನ ಪೊಟ್ಟಣ ಬಿಟ್ಟು ಹೋಗುತ್ತಾರೆ. ಬೇಡವೆಂದರೆ, ಉಳಿದಿತ್ತು ಕಣಮ್ಮ, ಎಸೀಬೇಕಿತ್ತು ಎನ್ನುತ್ತಾರೆ. ಬಿಸಿ ಬನ್ನು ಯಾವ ಬೇಕರಿಯಲ್ಲಿ ಉಳಿಯುತ್ತದೆ?

ಹೀಗೆ ಹಾಡುವವರನ್ನು ಮನೆಯಲ್ಲಿ ಕೂರಿಸುವುದು ಸರಿಯಲ್ಲ, ಭಾನುವಾರ ಪೂಜೆಗೆ ಕರೆತನ್ನಿ ಎಂದು ಫಾದರ್ ಹಟ ಹಿಡಿದರು. ನನಗೆ ಒಂದೇ ಚಿಂತೆ. ಗಾಲಿಕುರ್ಚಿಯನ್ನು ನಡುದಾರಿಯಲ್ಲಿ ನಿಲ್ಲಿಸಿದರೆ ಪ್ರಸಾದಕ್ಕೆ ಹೋಗುವವರೆಲ್ಲ ಸುತ್ತಿ ಬಳಸಿ ಹೋಗಬೇಕು, ಎಲ್ಲರ ಕಣ್ಣೂ ಇವರ ಮೇಲೆ. ಅದು ಇವರಿಗೆ ಸೇರುವುದಿಲ್ಲ. ಹೋಗಿ ನೋಡಿದರೆ ಬಡಗಿ ನಮ್ಮ ಬೆಂಚಿನ ತುದಿಯನ್ನೇ ಕತ್ತರಿಸಿಬಿಟ್ಟಿದ್ದಾನೆ. ನಿನ್ನ ಅಜ್ಜಿಯ ಕಾಲದಿಂದ ನಾವು ಕೂರುವ ಅದೇ ಬೆಂಚು. ಕುರ್ಚಿ ಒಳಗೆ ಸರಿಯಾಗಿ ಕೂರುವಷ್ಟು ಜಾಗ ಬಿಟ್ಟು, ಕತ್ತರಿಸಿದ ಕಡೆ ಉಜ್ಜಿ ನುಣುಪು ಮಾಡಿ, ಬಣ್ಣ ಹಚ್ಚಿದ್ದಾನೆ. ಮಿಕ್ಕ ಹಲಗೆಯಿಂದ ಪಕ್ಕದ ಬಾಗಿಲಿಗೆ ಇಳಿಜಾರು. ಯಾರೂ ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಬೆಂಚಿನ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಆವತ್ತು ದೇವರ ಮೇಲಿನ ಸಿಟ್ಟು ಬಿಟ್ಟೆ. ಇಷ್ಟು ಜನರನ್ನು ಕೊಟ್ಟವನ ಮೇಲೆ ಎಷ್ಟು ದಿನ ಮುನಿಸಿಕೊಂಡಿರಲಿ?

ಇನ್ನು ಮೊನ್ನೆಯ ಭಾನುವಾರದ ವಿಷಯ. ನಿಧಾನವಾಗಿ ಓದು.

ಆವತ್ತು ಬಿನ್ನಹಗಳನ್ನು ಓದುವ ಸರದಿ ನಮ್ಮ ಬೀದಿಯದು. ಯಾರೂ ಮುಂದೆ ಬರಲಿಲ್ಲವೆಂದು ನಾನೇ ಹೋದೆ. ರೋಗಿಗಳಿಗಾಗಿ ಓದಿದೆ, ಪ್ರಯಾಣದಲ್ಲಿರುವವರಿಗಾಗಿ ಓದಿದೆ, ಪರೀಕ್ಷೆ ಬರೆಯುವ ಮಕ್ಕಳಿಗಾಗಿ ಓದಿದೆ. ಒಂದೊಂದಕ್ಕೂ ಜನ, ಪ್ರಭುವೇ ನಮ್ಮ ಪ್ರಾರ್ಥನೆಯನ್ನು ಆಲಿಸಿ ಎಂದರು. ಮನೆ ಬಿಟ್ಟು ದೂರವಿರುವ ಮಕ್ಕಳಿಗಾಗಿಯೂ ಒಂದು ಸೇರಿಸಬೇಕೆಂದಿದ್ದೆ. ನಿನ್ನಪ್ಪ ಎದುರಿಗೇ ಕೂತಿದ್ದರು. ಅವರ ಮುಖ ನೋಡಿ ಧೈರ್ಯ ಬರಲಿಲ್ಲ, ಬಿಟ್ಟೆ. ಕೊನೆಗೆ ಫಾದರ್, ಈಗ ನಮ್ಮ ನಮ್ಮ ಸ್ವಂತ ಬಿನ್ನಹಗಳನ್ನು ಮನಸ್ಸಿನಲ್ಲೇ ಒಪ್ಪಿಸೋಣ ಎಂದು ಕಣ್ಣು ಮುಚ್ಚಿದರು. ಚರ್ಚು ನಿಶ್ಶಬ್ದವಾಯಿತು. ಫ್ಯಾನಿನ ಸದ್ದು, ಯಾವುದೋ ಮಗುವಿನ ಗೊರಗೊರ ಉಸಿರು.

ಆ ಮೌನದಲ್ಲಿ ನಿನ್ನಪ್ಪ ಮಾತಾಡಿದರು. ಪ್ರಾರ್ಥನೆಯಲ್ಲ, ಹಾಡಲ್ಲ. "ಗುಬ್ಬಿ" ಅಂದರು.

ಕೂಗಲಿಲ್ಲ. ಆದರೆ ಗಾನವೃಂದ ನಡೆಸಿದ ದನಿ, ಕೊನೆಯ ಬೆಂಚಿಗೂ ಮುಟ್ಟಿತು. ಆರ್ಗನ್ನಿನ ಹಿಂದೆ ನಿಂತು ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದ ಇಷ್ಟುದ್ದದ ಹುಡುಗಿಗೆ ಅವರೇ ಇಟ್ಟ ಹೆಸರು. ಅವರೇ ಈ ಮನೆಯಲ್ಲಿ ಎತ್ತಕೂಡದೆಂದ ಹೆಸರು. ಅಷ್ಟರಲ್ಲಿ ಏನಾಯಿತು ಗೊತ್ತೇ? ಒಂದು ದನಿ ನಿಂತೊಡನೆ ಉತ್ತರ ಕೊಟ್ಟು ಕೊಟ್ಟು ಅಭ್ಯಾಸವಾದ ಬಾಯಿಗಳು. ಯಾರೂ ಯೋಚಿಸಲೇ ಇಲ್ಲ. ಇಡೀ ಚರ್ಚು ಒಟ್ಟಿಗೆ, ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿ ಎಂದಿತು.

ಅಂದಾದ ಮೇಲೆ ಎಲ್ಲರಿಗೂ ತಬ್ಬಿಬ್ಬು. ಫಾದರ್ ಕಣ್ಣು ತೆರೆದರು. ಮುಂದಿನ ಪ್ರಾರ್ಥನೆಗೆ ಹೋಗಬಹುದಿತ್ತು, ಹೋಗಲಿಲ್ಲ. ಕೈ ಜೋಡಿಸಿಕೊಂಡು ನಿನ್ನಪ್ಪನ ಕಡೆ ನೋಡುತ್ತಾ ನಿಂತರು. ನಿನ್ನಪ್ಪ ಇನ್ನೊಮ್ಮೆ, ಗುಬ್ಬಿ ಎಂದರು. ಈ ಸಲ ಜನ ಗೊತ್ತಿದ್ದೇ ಉತ್ತರ ಕೊಟ್ಟರು. ನಿನ್ನನ್ನು ಎತ್ತಿ ಆಡಿಸಿದವರು, ನಿನ್ನ ಮದುವೆಯ ಬಗ್ಗೆ ಬೆನ್ನ ಹಿಂದೆ ಆಡಿಕೊಂಡವರು, ಎಲ್ಲರೂ.

ಬೇಕರಿಯಕ್ಕ ಅಳುತ್ತಲೇ ಕಾಣಿಕೆಯ ಹಾಡು ಎತ್ತಿದರು. ಯಾವಾಗಲೂ ಕೆಳಗೆ ಜಾರುವವರು ಆವತ್ತು ಯಾರಿಗೂ ನಿಲುಕದ ಎತ್ತರದಲ್ಲಿ ಶುರುಮಾಡಿದರು. ಪೂಜೆ ಮುಗಿದ ಮೇಲೆ, ಹೊಸದಾಗಿ ಬಂದ ಗಂಡ ಹೆಂಡತಿ ನನ್ನ ಬಳಿ ಬಂದು, ಹಕ್ಕಿಗಳಿಗೋಸ್ಕರ ಬೇಡಿಕೊಂಡದ್ದು ತುಂಬಾ ಚೆನ್ನಾಗಿತ್ತು, ಈಗ ಗುಬ್ಬಿಗಳು ಎಲ್ಲಿ ಕಾಣುತ್ತವೆ ಹೇಳಿ ಎಂದರು. ಹೌದು, ನಮ್ಮ ಮನೆಯ ಕಡೆಯೂ ಬಂದು ಬಹಳ ದಿನವಾಯಿತು ಎಂದೆ.

ಇಷ್ಟೇ ವಿಷಯ. ಬಾ ಎಂದು ನಾನು ಹೇಳುವುದಿಲ್ಲ. ನೀನು ಕೇಳಿದ್ದು ಅಪ್ಪನ ಬಾಯಿಂದ ಕರೆ. ಅವರು ಮನೆಯಲ್ಲಲ್ಲ, ಊರವರ ಮುಂದೆ, ದೇವರ ಮುಂದೆ ಕರೆದಿದ್ದಾರೆ. ಬೆಂಚು ಕತ್ತರಿಸಿದ ಮೇಲೂ ಅದರಲ್ಲಿ ಮೂವರು ಕೂರಬಹುದು. ನಾನೊಬ್ಬಳೇ ಅಷ್ಟಗಲಕ್ಕೆ ಕೂರುವುದು ಚೆನ್ನಾಗಿ ಕಾಣುವುದಿಲ್ಲ. ಅಳಿಯಂದಿರಿಗೆ ಉತ್ತರಗಳು ಬಾರದಿದ್ದರೆ ಚಿಂತೆಯಿಲ್ಲ, ನಿನ್ನಪ್ಪ ಇಬ್ಬರ ಪಾಲಿನದನ್ನೂ ಹೇಳುತ್ತಾರೆ.

ಇಸ್ತ್ರಿ ಆರುತ್ತಿದೆ. ಹೊಟ್ಟೆ ತುಂಬಾ ಊಟ ಮಾಡು. ನನ್ನ ಮನಸ್ಸು ಎಷ್ಟು ತುಂಬಿದೆ ಎಂದು ಹೇಳಲು ನನಗೂ ಮಾತು ಸಾಲದು.

ನಿನ್ನ ದಾರಿ ನೋಡುವ,
ಅಮ್ಮ

ತಾ.ಕ.: ಒಂದನ್ನು ಮುಚ್ಚಿಡಬೇಕೆಂದಿದ್ದೆ, ಲಕೋಟೆ ಅಂಟಿಸುವಾಗ ಮನಸ್ಸು ಒಪ್ಪಲಿಲ್ಲ. ಭಾನುವಾರದಿಂದ ಅವರಿಗೆ ಸ್ವಂತದ್ದೆಂದು ಇರುವುದು ಅದೊಂದೇ ಮಾತು. ನೀರೂ ಗುಬ್ಬಿ, ಚಹಾವೂ ಗುಬ್ಬಿ, ಕಿಟಕಿ ಮುಚ್ಚು ಎನ್ನುವುದೂ ಗುಬ್ಬಿ. ಇವತ್ತು ಬೆಳಿಗ್ಗೆ ನನ್ನನ್ನೂ ಗುಬ್ಬಿ ಎಂದರು, ನಾನು ಓ ಎಂದೆ. ಮೊದಲು ಮರಳಿ ಬಂದ ಮಾತು ಹೀಗೆ ಎಲ್ಲ ಕೆಲಸವನ್ನೂ ಮಾಡುತ್ತದಂತೆ, ಆ ಹುಡುಗಿ ಹೇಳಿದಳು. ಹಾಗಾಗಿ ಚರ್ಚಿನಲ್ಲಿ ಕರೆದದ್ದು ನಿನ್ನನ್ನೇ ಎಂದು ನಾನು ಆಣೆಯಿಟ್ಟು ಹೇಳಲಾರೆ. ಆದರೆ ಸಂಜೆ ಗೇಟಿನ ಸದ್ದಾದಾಗ ಬಾಗಿಲ ಕಡೆ ತಿರುಗಿ ಒಂದು ಗುಬ್ಬಿ ಎನ್ನುತ್ತಾರೆ. ಅದಕ್ಕೆ ನೀರು ಕೊಟ್ಟರೆ ಕುಡಿಯುವುದಿಲ್ಲ, ಚಹಾ ಕೊಟ್ಟರೆ ಲೋಟ ಸರಿಸುತ್ತಾರೆ, ನಾನು ಓ ಎಂದರೆ ಅಲ್ಲ ಎಂಬಂತೆ ತಲೆಯಾಡಿಸುತ್ತಾರೆ.