ಅಕ್ಕ ಅಳಿಸಿದ ಗೋಡೆ

ಜನವರಿ ೯, ಬೆಳಿಗ್ಗೆ

ಅಕ್ಕನ ಹೊಸ ಮನೆಗೆ ನಾನು ಬರೆದ ಪ್ಲ್ಯಾನ್ ಮತ್ತೆ ಬಿಚ್ಚಿಕೊಂಡು ಕೂತೆ. ಒಂದೇ ಅಂತಸ್ತು. ಮೆಟ್ಟಿಲಿಲ್ಲ, ಹೊಸ್ತಿಲಿಲ್ಲ. ವೀಲ್‌ಚೇರ್ ಸಲೀಸಾಗಿ ತಿರುಗುವಷ್ಟು ಜಾಗ, ಗೋಡೆಗುಂಟ ಹಿಡಿಕೆ. ನಿನ್ನೆ ತೋರಿಸಿದಾಗ ಮುಖ ಗಂಟು ಹಾಕಿದಳು.

“ಇದು ಮನೆಯೋ ಆಸ್ಪತ್ರೆಯೋ? ಬಂಡೆ ಹತ್ರ ನಾನೊಬ್ಬಳೇ ಹೋಗ್ಬೇಕು ಕಣೇ. ಯಾರೂ ತಳ್ಳಬಾರದು. ನಾನು ಕೇಳಿದ್ದು ಅಷ್ಟೇ.”

ಸೈಟಿನ ತುದಿಯಲ್ಲೊಂದು ಬಂಡೆ, ಕೆಳಗೆ ಕೆರೆ. ಅವಳು ಈ ಜಾಗ ಕೊಂಡದ್ದೇ ಅದಕ್ಕೆ. ಕಾಲಿನ ಶಕ್ತಿ ಆಗಲೇ ಹೋಗಿದೆ. ಕಾಯಿಲೆ ಮುಂದೆ ಕೈಗೂ ಬರುತ್ತದೆ ಎಂದಿದ್ದಾರೆ ಡಾಕ್ಟರ್. ಯಾವಾಗ ಎಂದು ಹೇಳಿಲ್ಲ.

ಜನವರಿ ೧೧

ಬಂಡೆ ಒಡೆಸಿ ನೆಲ ಸಮ ಮಾಡೋಣ ಎಂದ ಮೇಸ್ತ್ರಿ. ಒಪ್ಪಲಿಲ್ಲ. ಇಳಿಜಾರಿಗೆ ಅಡ್ಡಲಾಗಿ, ಬಂಡೆ ಇರುವ ಮಟ್ಟದಲ್ಲೇ ಮನೆಯನ್ನು ಉದ್ದಕ್ಕೆ ಕೂರಿಸುತ್ತೇನೆ. ಒಳಗಿನ ನೆಲ, ಹೊರಗಿನ ಮಣ್ಣು — ಎರಡೂ ಸಮ.

“ಮಳೆ ನೀರು ಒಳಗೆ ಬಂದ್ರೆ ನನ್ನ ಕೇಳ್ಬೇಡಿ ಮೇಡಂ.”

ಬಾಗಿಲ ಮುಂದೆ ಜಾಲರಿ ಮುಚ್ಚಿದ ಚರಂಡಿ ಬರೆದು ತೋರಿಸಿದೆ. ಗೊಣಗಿಕೊಂಡೇ ಹೂಂಗುಟ್ಟಿದ.

ಜನವರಿ ೧೮, ಸಂಜೆ

ಇಡೀ ಮನೆಯನ್ನು ಸೈಟಿನ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಬರೆಸಿದ್ದೆ. ಅಕ್ಕ ತಾನೇ ಚಕ್ರ ತಿರುಗಿಸಿಕೊಂಡು ಕೋಣೆ ಕೋಣೆ ಸುತ್ತಿದಳು. ಭಾವನಿಗೆ ಗದರಿಕೆ ಬೇರೆ — “ರೀ, ಒಲೆ ಮೇಲೆ ನಿಂತಿದ್ದೀರ!” ಅವರು ಹೌಹಾರಿ ಪಕ್ಕಕ್ಕೆ ಹಾರಿದರು. ಎಲ್ಲರೂ ನಕ್ಕೆವು. ಅವಳ ನಗು ಕೇಳಿ ಎಷ್ಟು ದಿನವಾಗಿತ್ತು.

ಆಮೇಲೆ ಮಲಗುವ ಕೋಣೆಯಿಂದ ನೇರ ಬಂಡೆಯ ಕಡೆ ಹೊರಟಳು. ನಾನು ಅಲ್ಲಿಟ್ಟಿದ್ದು ದೊಡ್ಡ ಕಿಟಕಿ.

“ಅಕ್ಕಾ, ಗೋಡೆ!”

ನಿಲ್ಲಲಿಲ್ಲ. ಚಕ್ರ ಸುಣ್ಣದ ಗೆರೆ ಅಳಿಸಿಕೊಂಡು ಹೋಯಿತು.

“ಹಾಗಾದ್ರೆ ಬಾಗಿಲು ಇಲ್ಲೇ ಇಡು.”

ಬಂಡೆ ಕಂಡರೆ ಸಾಕು ಎಂದುಕೊಂಡಿದ್ದೆ ನಾನು. ಅವಳು ಕೇಳಿದ್ದು ಹೋಗುವುದಕ್ಕೆ.

ಮೇ ೨

ಗೋಡೆಗಳು ಎದ್ದಿವೆ. ಅಕ್ಕನ ಕೈಯಿಂದ ಲೋಟ ಜಾರುತ್ತಿದೆಯಂತೆ. ಭಾವ ಫೋನ್ ಮಾಡಿದ್ದರು. “ಬ್ಯಾಟರಿ ಚೇರ್ ತರ್ಲಾ ಅಂದೆ. ಎರಡು ದಿನದಿಂದ ಮಾತೇ ಬಿಟ್ಟಿದ್ದಾಳೆ.”

ಚಾವಣಿ ಆಮೇಲೆ, ಮೊದಲು ಮಲಗುವ ಕೋಣೆಯ ನೆಲ, ಬಂಡೆ ಕಡೆಯ ಬಾಗಿಲು, ಅದರ ಮುಂದಿನ ಜಾಲರಿ, ಬಂಡೆಯವರೆಗಿನ ದಾರಿ ಎಂದೆ ಮೇಸ್ತ್ರಿಗೆ. ತಲೆ ಕೆಟ್ಟಿದೆಯೇ ಎಂಬಂತೆ ನೋಡಿದ. ಅವಳ ಕೈ ಅಲ್ಲಿಯವರೆಗೆ ತಾಳುತ್ತದೋ ಇಲ್ಲವೋ, ಭಯವಾಗುತ್ತಿದೆ ನನಗೆ.

ಜೂನ್ ೧೩

ಚಾವಣಿಯಿಲ್ಲದ ಕೋಣೆ. ನೆಲ ಒಣಗಿದೆ. ಅಕ್ಕನನ್ನು ಕರೆತಂದೆವು.

“ತಳ್ಳಲಾ?”

“ಮುಟ್ಟಿದ್ರೆ ನೋಡು.”

ಬೆರಳು ಹಿಡಿತಕ್ಕೆ ಬರುತ್ತಿಲ್ಲ. ಅಂಗೈ ಒತ್ತಿ ತಿರುಗಿಸಿದಳು. ಬಾಗಿಲಲ್ಲಿ ಚಕ್ರ ನಿಂತಿತು… ಏದುಸಿರು. ಭಾವ ಮುಂದೆ ಹೆಜ್ಜೆ ಇಟ್ಟರು, ತೋಳು ಹಿಡಿದು ನಿಲ್ಲಿಸಿದೆ. ಜಾಲರಿಯ ಮೇಲೆ ಚಕ್ರ ಖಡಕ್ ಎಂದಿತು. ದಾಟಿತು.

ಚೇರಿನಲ್ಲೇ ಮುಂದಕ್ಕೆ ಬಾಗಿ, ಬಂಡೆಯ ಮೇಲೆ ಎರಡೂ ಕೈ ಚೆಲ್ಲಿ ಕೂತಳು. ಕೆರೆ ನೋಡುತ್ತ, ಎಷ್ಟೋ ಹೊತ್ತು. ಆಮೇಲೆ, ತಿರುಗದೆಯೇ —

“ಈಗ ಬಾರೇ. ವಾಪಸ್ ಬರೋಕೆ ಆಗ್ತಿಲ್ಲ.”

ಹೋದೆ. ಚೇರ್ ಹಿಡಿದೆ. ಅವಳ ಕೈ ಇನ್ನೂ ಬಂಡೆಯ ಮೇಲೆಯೇ ಇತ್ತು. ಅವಳಾಗಿ ಕೈ ತೆಗೆಯುವವರೆಗೂ ನಾನು ಎಳೆಯಲಿಲ್ಲ.