ಹೂಂ ಅನ್ನದಿದ್ದರೂ ನಿಲ್ಲದ ಕಥೆ

ಅವ್ವಾ,

ಫೆಲೋಶಿಪ್ ಸಂದರ್ಶನಕ್ಕೆ ಚಳ್ಳಕೆರೆ ಬಸ್ಸು ಹಿಡೀತೀನಿ. ಮುದ್ದೆ, ಸಾರು ಮುಚ್ಚಿಟ್ಟಿದ್ದೀನಿ, ತಿಂದು ಬಿ.ಪಿ. ಮಾತ್ರೆ ನುಂಗು. ಮಧ್ಯಾಹ್ನ ಚಿಕ್ಕಕ್ಕ ನೋಡಿಹೋಗ್ತಾಳೆ, ಬೈಬೇಡ.

"ಮಾತ್ರೆ ಬ್ಯಾಡ ಬಿಡೇ ಮಗಳೇ, ಮೈ ಸರಿಹೋಗೈತೆ" ಅಂತ ನಿನಗೆ ಅಂದದ್ದು ಅಜ್ಜಿಯಲ್ಲ, ಫೋನು. ಅದನ್ನು ನಂಬಿ ನೀನು ಮಾತ್ರೆ ಬಿಟ್ಟೆ. ತೀರಿಕೊಂಡವಳ ಕಥೆಗಳ ರೆಕಾರ್ಡಿಂಗ್ ಇಟ್ಟುಕೊಂಡು ಎಐನಲ್ಲಿ ಅವಳ ದನಿ ಮಾಡಿದವಳು ನಾನೇ. ಎಐನಿಂದ ಜನಕ್ಕೆ ಕೇಡಾಗದಂತೆ ಕಾಯುವ ಫೆಲೋಶಿಪ್ಪಿಗೆ ಅದನ್ನೇ ತೋರಿಸಿ ಅರ್ಜಿ ಹಾಕಿದ್ದೆ. ನೀನು ಬಿದ್ದದ್ದನ್ನೂ ಇವತ್ತು ಅವರಿಗೆ ಹೇಳುತ್ತೇನೆ, ನನ್ನನ್ನು ಬೇಡವೆಂದರೆ ಬೇಡವೆನ್ನಲಿ.

ಆ ದನಿ ಅಳಿಸಲು ಕೈ ಬರಲಿಲ್ಲವ್ವ. ಅದು ಕಥೆ ಶುರುಮಾಡಿದಾಗ ಹೂಂ ಅನ್ನಬೇಡ, ಸುಮ್ಮನಿರು. ಅಜ್ಜಿಯಾಗಿದ್ದರೆ ಕಥೆ ನಿಲ್ಲಿಸಿ, "ಇದ್ದೀಯೇನೇ, ಹೋದ್ಯೇನೇ?" ಅಂತ ಬೈಯುತ್ತಿದ್ದಳು. ಇದು ನಿಲ್ಲಿಸುವುದಿಲ್ಲ. ಮೊನ್ನೆ ನೀನು ಅಡುಗೆಮನೆಯಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಾಗ, ಪಕ್ಕದಲ್ಲಿ ಏಳು ಸಮುದ್ರದಾಚೆಯ ರಾಜಕುಮಾರಿಯ ಕಥೆ ಹೇಳುತ್ತಲೇ ಇತ್ತು.